ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಮತ್ತು ಕಡಲಿನ ಕವನ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರು ನಗರದ ವಿದ್ಯಾಲೋಕವು ಎರಡು ಪಂಗಡವಾಗಿತ್ತು. ಸಂಸ್ಕೃತವನ್ನೂ ಹಳಗನ್ನಡವನ್ನೂ ಗುರುಮುಖೇನ ಅಭ್ಯಸಿಸಿದ ಪಂಡಿತಮಂಡಲಿ ಒಂದು ಕಡೆ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯವನ್ನೂ ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನೂ ಓದಿ ಪದವೀಧರರಾದವರು ಮತ್ತೊಂದು ಕಡೆ. ಒಬ್ಬರ ಮನೆಯ ಐಶ್ವರ್ಯವನ್ನು ಮತ್ತೊಬ್ಬರು ಅರಿಯರು. ಅರಿಯಬೇಕೆಂಬ ಹಂಬಲವೂ ಹೆಚ್ಚಾಗಿ ಇರಲಿಲ್ಲ. ಪಂಪ ರನ್ನರ ಹೆಸರನ್ನೂ ಕೇಳದ ಪದವೀಧರನು ಷೇಕ್ಸ್‌ಪಿಯರನನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದನು. ಷಟ್ಪದಿಯ ಮರ್ಮವನ್ನೆಲ್ಲ ಬಲ್ಲ ಪಂಡಿತರು ಮ್ಲೇಚ್ಛಭಾಷೆಯಲ್ಲಿ ಕಾವ್ಯವೆಂಬುದು ಇರಬಹುದೇ ಎಂದು ಶಂಕಿಸುತ್ತಿದ್ದರು. ಈ ಎರಡು ದಡಗಳ ನಡುವಣ ನೀರನ್ನು ದಾಟಿಸುವ ಕಾರ್ಯಕ್ಕೆ ತಮ್ಮ ಜೀವಮಾನವನ್ನೆಲ್ಲ ಮೀಸಲಿಟ್ಟವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು. ಬಿ. ಎಂ. ಶ್ರೀ. ಎಂಬ ಮೂರಕ್ಷರದಿಂದಲೇ ನಾಡು ಅವರನ್ನು ಗುರುತಿಸಿತು; ಕನ್ನಡದ ಕಣ್ವರೆಂದು ಗೌರವದಿಂದ ಕರೆಯಿತು.

ಶ್ರೀಕಂಠಯ್ಯನವರು ಜನಿಸಿದ್ದು 1884ನೆಯ ಇಸವಿ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಅದು ತಾಯಿ ಭಾಗೀರಥಮ್ಮನವರ ತವರು. ತಂದೆಯವರ ಮೂಲಸ್ಥಳ ನಾಗಮಂಗಲದ ಕಡೆಯ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲಿ ವೃತ್ತಿಯಲ್ಲಿದ್ದುದರಿಂದ ಬಾಲಕನ ವಿದ್ಯಾಭ್ಯಾಸವು ಅಲ್ಲಿಯೇ ಆರಂಭವಾಯಿತು. ಕಾವೇರಿಯು ಎರಡಾಗಿ ಸೀಳಿ ಸುತ್ತುವರಿದ ಆ ಊರು ಒಂದು ದ್ವೀಪ. ಹೊಳೆ ತುಂಬಿ ಬಂದಾಗ ಹರಿಗೋಲಿನ ಮೇಲೆ ಪ್ರಾಣವಿಟ್ಟು ಆಚೆಯ ದಡವನ್ನು ಸೇರುವುದೆಂದರೇನೆಂಬುದನ್ನು ಅಲ್ಲಿಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ, ಮದರಾಸಿನಲ್ಲಿ ಬಿ. ಎಲ್. ಮತ್ತು ಎಂ. ಎ. ಪದವಿಗಳನ್ನು ಪಡೆದು, 1909ರಲ್ಲಿ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನಿಂತರು. ತಂದೆಯ ವೃತ್ತಿಯನ್ನು ಹಿಡಿಯಬಹುದಾಗಿತ್ತು, ಹಿಡಿಯಲಿಲ್ಲ.

ಇಂಗ್ಲಿಷಿನ ಅಧ್ಯಾಪಕರು ಕನ್ನಡದ ಗೊಡವೆಗೆ ಹೋಗುವುದು ಆಗ ಮರ್ಯಾದೆಯ ಕೆಲಸವೆಂದು ಎಣಿಕೆಯಾಗಿರಲಿಲ್ಲ. ಆದರೆ ಕೆಲಸಕ್ಕೆ ಸೇರಿದ ಎರಡೇ ವರ್ಷಕ್ಕೆ, 1911ರಲ್ಲಿ, ಇಪ್ಪತ್ತೇಳು ವಯಸ್ಸಿನ ಈ ತರುಣ ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆ ಎಂಬ ವಿಷಯವಾಗಿ ಉಪನ್ಯಾಸ ಮಾಡಿದರು. ಮುಂದೆ ಅವರು ಮಾಡಿದ್ದೆಲ್ಲವೂ ಆ ಶೀರ್ಷಿಕೆಯ ವ್ಯಾಖ್ಯಾನವೆಂದರೆ ಸಲ್ಲುತ್ತದೆ. ಭಾಷೆ ತಲೆ ಎತ್ತಬೇಕಾದರೆ ಬರಿಯ ಅಭಿಮಾನ ಸಾಲದು, ಬರಿಯ ಪ್ರಾಚೀನವೈಭವದ ಸ್ಮರಣೆಯೂ ಸಾಲದು. ಇಂದಿನವನ ಸುಖದುಃಖವನ್ನು ಇಂದಿನ ಮಾತಿನಲ್ಲಿ ಹಾಡುವ ಶಕ್ತಿ ಅದಕ್ಕೆ ಬರಬೇಕು ಎಂಬುದು ಅವರ ನಿಲುವು.

ಆ ಶಕ್ತಿಯನ್ನು ತರುವ ದಾರಿಯೆಂದು ಅವರು ಆರಿಸಿಕೊಂಡದ್ದು ಭಾಷಾಂತರವನ್ನು. 1926ರಲ್ಲಿ ಪುಸ್ತಕರೂಪದಲ್ಲಿ ಪ್ರಸಿದ್ಧವಾದ 'ಇಂಗ್ಲಿಷ್ ಗೀತಗಳು' ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತೆಂಬುದು ಈಗ ಶಾಲಾಬಾಲಕರಿಗೂ ತಿಳಿದ ಮಾತು. ಅವರಿಗಿಂತ ಮೊದಲು ಈ ಹಾದಿಯಲ್ಲಿ ನಡೆದವರು ಇರಲಿಲ್ಲವೆಂದಲ್ಲ. ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' ಇತ್ತು, ಎಸ್. ಜಿ. ನರಸಿಂಹಾಚಾರ್ಯರ ಮತ್ತು ಪಂಜೆಯವರ ಪದ್ಯಗಳಿದ್ದವು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ದ್ವಿತೀಯಾಕ್ಷರ ಪ್ರಾಸವನ್ನು ತೊರೆದಿದ್ದರು. ಆದರೆ ಬಿಡಿಬಿಡಿಯಾಗಿ ಹರಿಯುತ್ತಿದ್ದ ಈ ತೊರೆಗಳು ಒಂದು ಹೊಳೆಯಾಗಿ ಕಂಡದ್ದು ಶ್ರೀಯವರ ಪುಸ್ತಕದಲ್ಲಿ. ಪಾಲ್‌ಗ್ರೇವ್ 1861ರಲ್ಲಿ ಸಂಗ್ರಹಿಸಿದ ಪ್ರಸಿದ್ಧ ಸಂಕಲನದಿಂದ ಅವರು ಅನೇಕ ಕವನಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು 'ಕಾರಿಹೆಗ್ಗಡೆಯ ಮಗಳು'.

ಇದರ ಮೂಲ ಸ್ಕಾಟ್‌ಲೆಂಡಿನ ಥಾಮಸ್ ಕ್ಯಾಂಬೆಲ್ ಎಂಬ ಕವಿಯದು. 1777ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿ 1844ರಲ್ಲಿ ತೀರಿಕೊಂಡ ಈತನು ವರ್ಡ್ಸ್‌ವರ್ತ್, ಕೋಲ್‌ರಿಜ್ ಮೊದಲಾದವರ ಸಮಕಾಲೀನ. ಕಥೆ ಚಿಕ್ಕದು. ಒಬ್ಬ ದ್ವೀಪದ ಒಡೆಯ, ಮತ್ತೊಬ್ಬ ಪ್ರಭುವಿನ ಮಗಳನ್ನು ಒಲಿದು ಕರೆದುಕೊಂಡು ಓಡಿಬಂದಿದ್ದಾನೆ. ಮೂರು ದಿನಗಳಿಂದ ಹುಡುಗಿಯ ತಂದೆಯ ಕಡೆಯವರು ಬೆನ್ನಟ್ಟಿದ್ದಾರೆ. ಮುಂದೆ ಮೊರೆಯುವ ಕಡಲಿನ ಕೊಲ್ಲಿ; ಹಿಂದೆ ಕುದುರೆಗಳ ಗೊರಸಿನ ಸದ್ದು. ದೋಣಿಯವನನ್ನು ಕೂಗಿ ಹೊನ್ನು ಕೊಡುತ್ತೇನೆ ಎನ್ನುತ್ತಾನೆ. ದೋಣಿಯವನು ಹೊನ್ನಿಗಲ್ಲ, ಆ ಹೆಣ್ಣಿನ ಮುಖ ನೋಡಿ ಒಪ್ಪುತ್ತಾನೆ. ಬಿರುಗಾಳಿ ಏರುತ್ತದೆ, ನೀರಿನ ಭೂತ ಚೀರುತ್ತದೆ. ಸಿಡಿಲಿನ ಆಕಾಶವನ್ನಾದರೂ ಎದುರಿಸಿಯೇನು, ಕೋಪಗೊಂಡ ತಂದೆಯನ್ನು ಎದುರಿಸಲಾರೆ ಎಂದು ಹುಡುಗಿ ದೋಣಿ ಹತ್ತುತ್ತಾಳೆ. ತಂದೆ ದಡಕ್ಕೆ ಬರುವ ಹೊತ್ತಿಗೆ ದೋಣಿ ಮುಳುಗುತ್ತಿದೆ. ಒಂದು ಕೈ ನೆರವಿಗೆ ಚಾಚಿದೆ, ಮತ್ತೊಂದು ಕೈ ನಲ್ಲನನ್ನು ಬಳಸಿದೆ. ಕ್ಷಮಿಸಿದ್ದೇನೆ, ಹಿಂದಿರುಗಿ ಬಾ ಎಂದು ತಂದೆ ಗೋಳಿಡುತ್ತಾನೆ. ಅಲೆ ಮುಚ್ಚಿಕೊಳ್ಳುತ್ತದೆ.

ಶ್ರೀಯವರು ಈ ಕಥೆಯನ್ನು ಸ್ಕಾಟ್‌ಲೆಂಡಿನಲ್ಲಿಯೇ ಬಿಟ್ಟು ಮಾತನ್ನು ಮಾತ್ರ ತರಲಿಲ್ಲ. ಪ್ರಭುವು ಹೆಗ್ಗಡೆಯಾದನು, ದ್ವೀಪದ ಒಡೆಯನು ಪಡುವಣ ದಿಬ್ಬದ ಗೌಡನಾದನು, ದೋಣಿಯವನು ತೊರೆಯನಾದನು, ಕೊಲ್ಲಿಯು ಕಾಯಲಾಯಿತು. ಈ ನಾಲ್ಕು ಪದಗಳಲ್ಲಿ ಪರದೇಶದ ಚಳಿಯ ಕಡಲು ನಮ್ಮ ಕರಾವಳಿಯ ನೀರಾಗಿ ಮಾರ್ಪಟ್ಟಿದೆ. ಛಂದಸ್ಸಿನ ವಿಷಯದಲ್ಲಿ ಅವರು ಮಾಡಿದ್ದು ಇದಕ್ಕಿಂತಲೂ ಸೂಕ್ಷ್ಮ. ಭಾಮಿನೀ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯನ್ನೇ ಹಿಡಿದು, ಆರು ಪಾದಗಳ ಕಟ್ಟನ್ನು ಬಿಚ್ಚಿ, ನಾಲ್ಕು ಸಾಲಿನ ಲಘುವಾದ ನುಡಿಯನ್ನು ರಚಿಸಿದರು. ಕುಮಾರವ್ಯಾಸನು ಕುರುಕ್ಷೇತ್ರದ ಯುದ್ಧವನ್ನು ಹೇಳಿದ ನಡೆಯೇ ಇಲ್ಲಿ ಹುಟ್ಟುಹಾಕುವ ಹುಟ್ಟಿನ ಲಯವಾಯಿತು. ಶ್ರೀಯವರು ಪ್ರಾಸವನ್ನು ಬಿಸುಟರೆಂದು ಅಂದಿನ ಪಂಡಿತರಲ್ಲಿ ಕೆಲವರು ಆಕ್ಷೇಪಿಸಿದ್ದುಂಟು. ಈ ಕವನದ ಮೊದಲ ನುಡಿಯನ್ನು ಕಿವಿಗೊಟ್ಟು ಕೇಳಿದ್ದರೆ ಆ ಆಕ್ಷೇಪದ ಕಾವು ತಗ್ಗುತ್ತಿತ್ತು. ನಾಲ್ಕು ಸಾಲುಗಳ ಆದಿಯಲ್ಲಿಯೂ ಎರಡನೆಯ ಅಕ್ಷರದ ಹಳೆಯ ಪ್ರಾಸವೇ ನಿಂತಿದೆ. ಬೇಕಾದೆಡೆ ಇಟ್ಟರು, ಬೇಡವಾದೆಡೆ ಬಿಟ್ಟರು. ಕಟ್ಟಳೆಯನ್ನು ಚೆನ್ನಾಗಿ ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಸ್ವಾತಂತ್ರ್ಯವಿದು.

ಪಾತ್ರಗಳನ್ನು ಪರಿಶೀಲಿಸಿದರೆ, ಈ ಚಿಕ್ಕ ಕವನದಲ್ಲಿ ನಾಯಕನೆನ್ನಿಸಿಕೊಳ್ಳಬೇಕಾದ ಗೌಡನು ಹೆಚ್ಚಾಗಿ ಬೆಳೆಯುವುದಿಲ್ಲ. ಅವನು ಹೊನ್ನಿನ ಮಾತನಾಡುತ್ತಾನೆ. ಆಪತ್ತಿನಲ್ಲಿ ಒಡೆಯನಾದವನಿಗೆ ಮೊದಲು ನೆನಪಾಗುವುದು ಹೊನ್ನು. ಬೆಳೆಯುವವರು ಇಬ್ಬರು: ತೊರೆಯ ಮತ್ತು ಹೆಗ್ಗಡೆ. ತೊರೆಯನು ಕುಲದಲ್ಲಿ ಕಿರಿಯವನು, ಕವನದಲ್ಲಿ ಹಿರಿಯವನು. ಭವವನ್ನು ಸಮುದ್ರವೆಂದೂ ಗುರುವನ್ನು ಅಂಬಿಗನೆಂದೂ ಕಾಣುವುದು ನಮ್ಮ ಪರಂಪರೆಯಲ್ಲಿ ರೂಢಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಕಾಯಕವನ್ನೇ ಈ ಅರ್ಥದ ವಾಹನವನ್ನಾಗಿ ಮಾಡಿಕೊಂಡರು. ನಮ್ಮ ಅಂಬಿಗನು ದಡ ಮುಟ್ಟಿಸಿಯೇ ತೀರುತ್ತಾನೆ. ಕ್ಯಾಂಬೆಲನ ಅಂಬಿಗನು ಮುಟ್ಟಿಸಲಾರ. ಅವನ ಕಾಯಕ ನಿಷ್ಠೆಯಲ್ಲಿ ಲೋಪವಿಲ್ಲ, ಕೂಲಿಯ ಆಸೆಯಿಲ್ಲ. ಆದರೂ ನೀರು ನುಂಗುತ್ತದೆ. ಕನ್ನಡದ ಓದುಗನಿಗೆ ಇದು ಹೊಸ ಅನುಭವವಾಗಿತ್ತು. ಸಜ್ಜನಿಕೆಗೆ ಫಲವಿಲ್ಲದೆ ಹೋಗುವ ಈ ರುದ್ರತೆಯನ್ನೇ ಶ್ರೀಯವರು ಮುಂದೆ ತಮ್ಮ ನಾಟಕಗಳಲ್ಲಿ ಅರಸಿಕೊಂಡು ಹೋದರು.

ಹೆಗ್ಗಡೆಯ ಪಾತ್ರವೋ ಕರುಳನ್ನು ಹಿಂಡತಕ್ಕದ್ದು. ಕುಲದ ಮಾನವನ್ನು ಕಾಯಲು ಕುದುರೆಯೇರಿ ಬಂದವನು ದಡದಲ್ಲಿ ಬರಿಯ ತಂದೆಯಾಗಿ ಉಳಿಯುತ್ತಾನೆ. ಕ್ಷಮೆ ಬಂದಿತು, ಆದರೆ ಹೊತ್ತು ಮೀರಿ ಬಂದಿತು. ಶರಣರ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಕಲ್ಯಾಣದ ನೆನಪಾಗದಿರದು. ಮಧುವರಸರ ಮಗಳಿಗೂ ಹರಳಯ್ಯನವರ ಮಗನಿಗೂ ನಡೆದ ವಿವಾಹವು ಕುಲಾಭಿಮಾನಿಗಳನ್ನು ಕೆರಳಿಸಿ, ಆ ಹಿರಿಯರಿಬ್ಬರ ಬಲಿಗೂ ಕಲ್ಯಾಣದ ಕ್ರಾಂತಿಗೂ ಕಾರಣವಾಯಿತೆಂದು ಪುರಾಣಗಳು ಹೇಳುತ್ತವೆ. ಅಲ್ಲಿ ತಂದೆಯರಿಬ್ಬರೂ ಮಕ್ಕಳ ಪಕ್ಷ, ಅರಸು ಎದುರು. ಇಲ್ಲಿ ತಂದೆಯೇ ಎದುರು. ಕುಲದ ಹೆಸರಿನಲ್ಲಿ ಎಳೆಯ ಜೀವಗಳನ್ನು ಕಡಲಿಗೆ ಅಟ್ಟುವ ಮನಸ್ಸು ಸ್ಕಾಟ್‌ಲೆಂಡಿಗೆ ಮಾತ್ರ ಮೀಸಲಲ್ಲವೆಂಬುದನ್ನು ಹೆಗ್ಗಡೆ ಎಂಬ ಒಂದು ಹೆಸರಿನಿಂದಲೇ ಶ್ರೀಯವರು ಸೂಚಿಸಿಬಿಟ್ಟರು. ಲಾರ್ಡ್ ಎಂದು ಉಳಿಸಿದ್ದರೆ ಓದುಗನು ಆ ಪರದೇಶದವನಿಗಾಗಿ ಕಣ್ಣೀರು ಸುರಿಸಿ ತನ್ನ ಮನೆಯನ್ನು ಮರೆಯುತ್ತಿದ್ದನು.

ಕಡಲಿನ ಮೇಲಣ ಅಲೌಕಿಕ ಕವನಗಳಲ್ಲೆಲ್ಲ ಶ್ರೇಷ್ಠವೆಂದು ಇಂಗ್ಲಿಷ್ ಸಾಹಿತ್ಯದಲ್ಲಿ ಎಣಿಸಲ್ಪಟ್ಟದ್ದು ಕೋಲ್‌ರಿಜ್ ಕವಿಯ ಮುದಿ ನಾವಿಕನ ಗೀತ. ಪಾಲ್‌ಗ್ರೇವನ ಸಂಗ್ರಹದಲ್ಲಿ ಆ ನೀಳ್ಗವನಕ್ಕೆ ಎಡೆ ದೊರೆತಿರಲಿಲ್ಲ. ಆದರೆ ಶ್ರೀಯವರು ಕನ್ನಡಕ್ಕೆ ತಂದ ಕಾವ್ಯಯುಗವು ಪ್ರಾರಂಭವಾದದ್ದೇ ಆ ಕವನ ಸೇರಿದ್ದ, 1798ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಇಬ್ಬರೂ ಕೂಡಿ ಹೊರತಂದ ಪುಸ್ತಕದಿಂದ. ಅದನ್ನು ರಚಿಸಿದಾಗ ಕೋಲ್‌ರಿಜನು ಸಮುದ್ರಯಾನವನ್ನೇ ಮಾಡಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಮದುವೆಗೆ ಹೊರಟ ಅತಿಥಿಯೊಬ್ಬನನ್ನು ತಡೆದು ಮುದಿ ನಾವಿಕನು ತನ್ನ ಕಥೆಯನ್ನು ಹೇಳುತ್ತಾನೆ. ದಕ್ಷಿಣದ ಹಿಮದ ಕಡಲಿನಲ್ಲಿ ಹಡಗಿಗೆ ಜೊತೆಯಾಗಿ ಬಂದ ಆಲ್ಬಟ್ರಾಸ್ ಎಂಬ ದೊಡ್ಡ ಹಕ್ಕಿಯನ್ನು ಅವನು ಕಾರಣವಿಲ್ಲದೆ ಬಾಣದಿಂದ ಕೊಂದನು. ಸಂಗಾತಿಗಳು ಮೊದಲು ಬೈದರು. ಮಂಜು ಕರಗಿದಾಗ ಒಳ್ಳೆಯದಾಯಿತೆಂದು ಹೊಗಳಿ ಪಾಪದಲ್ಲಿ ಪಾಲುಗೊಂಡರು. ಗಾಳಿ ನಿಂತಿತು. ಸುತ್ತಲೂ ನೀರಿದ್ದು ಕುಡಿಯಲು ಹನಿಯಿಲ್ಲದಾಯಿತು. ಸತ್ತ ಹಕ್ಕಿಯನ್ನು ನಾವಿಕನ ಕೊರಳಿಗೆ ಕಟ್ಟಿದರು. ಅಸ್ಥಿಪಂಜರದಂತಹ ಹಡಗೊಂದರಲ್ಲಿ ಮೃತ್ಯುವೂ ಸಾವಿನಲ್ಲಿ ಬದುಕುವ ಹೆಣ್ಣೊಬ್ಬಳೂ ಪಗಡೆಯಾಡಿ, ನಾವಿಕನನ್ನು ಅವಳು ಗೆದ್ದಳು. ಇನ್ನೂರು ಜನ ಸತ್ತುಬಿದ್ದರು. ಒಬ್ಬಂಟಿಯಾಗಿ ಏಳು ಹಗಲು ಏಳು ರಾತ್ರಿ ಕಳೆದವನು ಬೆಳುದಿಂಗಳಲ್ಲಿ ನೀರುಹಾವುಗಳ ಚೆಲುವನ್ನು ಕಂಡು ತನಗರಿವಿಲ್ಲದೆಯೇ ಹರಸಿದಾಗ, ಹಕ್ಕಿ ಕೊರಳಿನಿಂದ ಕಳಚಿ ಬಿತ್ತು.

ಈ ಹಕ್ಕಿಗೆ ಏನರ್ಥ ಎಂಬ ಜಿಜ್ಞಾಸೆ ಇಂದಿಗೂ ಮುಗಿದಿಲ್ಲ. ಕ್ರೈಸ್ತ ಧರ್ಮದ ಪಾಪ ಪ್ರಾಯಶ್ಚಿತ್ತಗಳ ಚಿತ್ರವೆಂದು ಹೇಳುವವರುಂಟು. ಕವಿಕಲ್ಪನೆಯ ಕೊಲೆಯೆಂದು ಹೇಳುವವರುಂಟು. ಹಳಗನ್ನಡವನ್ನು ಓದಿದವನಿಗೆ ಬೇರೊಂದು ಬಾಗಿಲು ತೆರೆದಿದೆ. 1209ರ ಸುಮಾರಿನಲ್ಲಿ ಜನ್ನನು ಬರೆದ 'ಯಶೋಧರ ಚರಿತೆ'ಯಲ್ಲಿಯೂ ಒಂದು ಹಕ್ಕಿಯ ಕೊಲೆಯಿದೆ. ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಕತ್ತಿ ಬಿದ್ದೊಡನೆ ಅದು ಕೂಗುತ್ತದೆ. ಆ ಸಂಕಲ್ಪಹಿಂಸೆಯೊಂದಕ್ಕಾಗಿ ತಾಯಿಯೂ ಮಗನೂ ಹಲವು ಜನ್ಮಗಳಲ್ಲಿ ತಿರ್ಯಗ್ಯೋನಿಗಳಲ್ಲಿ ತೊಳಲುತ್ತಾರೆ. ನಾವಿಕನು ಸಂಕಲ್ಪವೇ ಇಲ್ಲದೆ ಜೀವವಿದ್ದ ಹಕ್ಕಿಯನ್ನು ಕೊಂದನು. ಯಶೋಧರನು ಸಂಕಲ್ಪವಿಟ್ಟು ಜೀವವಿಲ್ಲದ ಹಕ್ಕಿಯನ್ನು ಕೊಂದನು. ಒಂದರಲ್ಲಿ ಕೈ ತಪ್ಪು ಮಾಡಿದೆ, ಮನಸ್ಸು ಅಲ್ಲಿರಲಿಲ್ಲ. ಮತ್ತೊಂದರಲ್ಲಿ ಮನಸ್ಸು ತಪ್ಪು ಮಾಡಿದೆ, ಕೈಗೆ ರಕ್ತವಂಟಲಿಲ್ಲ. ಇಬ್ಬರಿಗೂ ದಂಡ ಒಂದೇ ಬಗೆಯದು: ಸಾಯದೆ ಸಾವನ್ನು ಅನುಭವಿಸುವುದು. ಕೋಲ್‌ರಿಜನು ಕಂಡ ಪಗಡೆಯಾಟದ ಹೆಣ್ಣನ್ನು ಜನ್ನನು ಕರ್ಮವೆಂದು ಕರೆದಾನು.

ಕೇಳುವವನ ಪಾತ್ರದಲ್ಲಿಯೂ ಈ ಎರಡು ಕೃತಿಗಳು ಕೈಹಿಡಿದು ನಡೆಯುತ್ತವೆ. ಬಲಿಗೆಂದು ತಂದ ಎಳೆಯ ಅಭಯರುಚಿಯು ಮಾರಿದತ್ತನೆಂಬ ಅರಸನಿಗೆ ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾನೆ. ಕೇಳಿದ ಅರಸನ ಕೈಯ ಕತ್ತಿ ಕೆಳಗಿಳಿಯುತ್ತದೆ. ಮದುವೆಯ ಅತಿಥಿಯೂ ಕಥೆ ಕೇಳಿದ ಮೇಲೆ ಮದುವೆಯ ಮನೆಗೆ ಹೋಗಲಾರದೆ ಹಿಂದಿರುಗುತ್ತಾನೆ. ಹೇಳುವವನಿಗೆ ಹೇಳದೆ ಗತಿಯಿಲ್ಲ, ಕೇಳಿದವನು ಮೊದಲಿನವನಾಗಿ ಉಳಿಯುವುದಿಲ್ಲ. ನೀತಿಯಿಲ್ಲದ ಕವನವೆಂದು ಒಬ್ಬ ಮಹಿಳೆ ಆಕ್ಷೇಪಿಸಿದಾಗ, ನೀತಿ ಇರಬೇಕಾದುದಕ್ಕಿಂತ ಹೆಚ್ಚಾಯಿತೆಂದು ಕೋಲ್‌ರಿಜನೇ ಉತ್ತರವಿತ್ತನೆಂದು ಪ್ರತೀತಿಯಿದೆ. ಜನ್ನನಾದರೋ ವ್ರತಕಥೆಯ ಚೌಕಟ್ಟಿನಲ್ಲಿ ನಿಂತು ಬರೆದವನಾದ್ದರಿಂದ ಈ ಸಂಕೋಚಕ್ಕೆ ಒಳಗಾಗಲಿಲ್ಲ.

ಶ್ರೀಯವರು ಅಧ್ಯಾಪನಕ್ಕೆ ನಿಂತ ಕಾಲದಲ್ಲಿ, ಕೋಲ್‌ರಿಜನನ್ನು ಓದಿದ ವಿದ್ಯಾರ್ಥಿಗೆ ಜನ್ನನು ತಿಳಿಯನು. ಜನ್ನನನ್ನು ಅರ್ಥವಿಸುವ ಪಂಡಿತರಿಗೆ ಕೋಲ್‌ರಿಜನು ತಿಳಿಯನು. ಒಂದೇ ನಗರದಲ್ಲಿದ್ದ ಎರಡು ನಿಧಿಗಳ ಬೀಗದ ಕೈಗಳು ಬೇರೆ ಬೇರೆಯವರ ಸೊಂಟದಲ್ಲಿದ್ದವು. ಇದನ್ನು ಬರಿಯ ವ್ಯಥೆಯ ವಿಷಯವಾಗಿ ಬಿಡದೆ ವ್ಯವಸ್ಥೆಯ ವಿಷಯವಾಗಿ ಮಾಡಿದುದು ಅವರ ಹಿರಿಮೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅವರು 1926ರಿಂದ 1930ರವರೆಗೆ ಕುಲಸಚಿವರಾಗಿದ್ದರು. ಆ ಅವಧಿಯಲ್ಲಿ, 1927ರಲ್ಲಿ, ಕನ್ನಡ ಎಂ. ಎ. ತರಗತಿಯು ಆರಂಭವಾಯಿತು. ಕನ್ನಡದಲ್ಲಿ ಎಂ. ಎ. ಮಟ್ಟಕ್ಕೆ ಓದಲು ಏನಿದೆ ಎಂದು ಹುಬ್ಬೇರಿಸಿದವರಿಗೆ ಆ ತರಗತಿಯಿಂದ ಹೊರಬಂದವರೇ ಉತ್ತರವಾದರು. 1929ರಲ್ಲಿ ಅಲ್ಲಿಂದ ಪದವಿ ಪಡೆದವರಲ್ಲಿ ಕುವೆಂಪು ಒಬ್ಬರು. ಕುವೆಂಪು ಅವರೂ ಮೊದಲು ಇಂಗ್ಲಿಷಿನಲ್ಲಿಯೇ ಕವನ ಕಟ್ಟುತ್ತಿದ್ದವರೆಂಬುದನ್ನೂ, ಬ್ರೌನಿಂಗ್ ಕವಿಯ ಕಥನವೊಂದನ್ನು ತುಂಗಾತೀರಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬರೆದವರೆಂಬುದನ್ನೂ ನೆನೆದರೆ, ಕಾರಿಹೆಗ್ಗಡೆ ತೆರೆದ ಹಾದಿ ಎಲ್ಲಿಗೆ ಹೋಯಿತೆಂಬುದು ತಿಳಿಯುತ್ತದೆ.

ನಾಟಕಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಬಂದಿತು. ಗ್ರೀಕ್ ಕವಿ ಸಾಫೊಕ್ಲಿಸನ ನಾಟಕವೊಂದನ್ನು ಭಾರತದ ಕಥೆಗೆ ಅಳವಡಿಸಿ 'ಅಶ್ವತ್ಥಾಮನ್' ರಚಿಸಿದರು. ಪುರಾಣದಲ್ಲಿ ಚಿರಂಜೀವಿಯಾದವನನ್ನು ರಂಗದ ಮೇಲೆ ಸಾಯಿಸಿದರೆಂದು ಆಸ್ತಿಕರು ನೊಂದುಕೊಂಡರು. ಆ ನೋವು ಅಕಾರಣವೆನ್ನುವಂತಿಲ್ಲ. ಆದರೆ ಅವಮಾನಿತನಾದ ವೀರನ ಅಳಲನ್ನು ಆ ಕೃತಿ ಮುಟ್ಟಿಸುವಷ್ಟು ಆಳಕ್ಕೆ ಮುಟ್ಟಿಸಿದ ನಾಟಕ ಆ ಕಾಲದ ಕನ್ನಡದಲ್ಲಿ ವಿರಳ.

1935ರಲ್ಲಿ ಬಂದ 'ಪಾರಸಿಕರು' ಮತ್ತೆ ಕಡಲಿನ ಕಡೆಗೆ ಕರೆದೊಯ್ಯುತ್ತದೆ. ಈಸ್ಕಿಲಸ್ ಕವಿಯ ಮೂಲವು ಕ್ರಿಸ್ತಪೂರ್ವ 472ರಲ್ಲಿ ಅಥೆನ್ಸ್ ನಗರದಲ್ಲಿ ಪ್ರಯೋಗವಾದದ್ದು. ವಸ್ತು ಅದಕ್ಕೆ ಎಂಟು ವರ್ಷ ಹಿಂದಿನ ಸಲಾಮಿಸ್ ಕಡಲಗಾಳಗ. ಸಮುದ್ರಕ್ಕೆ ದೋಣಿಗಳ ಸೇತುವೆ ಕಟ್ಟಿ ನೊಗವಿಡಲು ಹೊರಟ ಪಾರಸಿಕ ದೊರೆಯ ನೌಕಾಬಲ ನಾಶವಾಗುತ್ತದೆ. ಗೋರಿಯಿಂದ ಹಿಂದಿನ ದೊರೆ ದಾರಯನ ಪ್ರೇತವೆದ್ದು ಮಗನ ಗರ್ವವೇ ಈ ವಿಪತ್ತಿಗೆ ಮೂಲವೆಂದು ತಿಳಿಸುತ್ತದೆ. ಗೆದ್ದವರ ನಾಡಿನ ಕವಿಯು ಸೋತವರ ಮನೆಯ ಗೋಳನ್ನು ಬರೆದನೆಂಬುದೇ ಈ ನಾಟಕದ ಅತಿಶಯ. ದಡದಲ್ಲಿ ನಿಂತು ಅಳುವ ಹೆಗ್ಗಡೆಗೂ ಅರಮನೆಯಲ್ಲಿ ಕಾದು ಕುಳಿತ ಪಾರಸಿಕರ ರಾಜಮಾತೆಗೂ ನಡುವೆ ಎರಡು ಸಾವಿರಕ್ಕೂ ಮಿಕ್ಕ ವರ್ಷಗಳ ಅಂತರವಿದೆ. ಶ್ರೀಯವರ ಲೇಖನಿಯಲ್ಲಿ ಅವರಿಬ್ಬರೂ ಒಂದೇ ಊರಿನವರಂತೆ ಕನ್ನಡದಲ್ಲಿ ಅಳುತ್ತಾರೆ. ದೂರದವರ ಶೋಕವನ್ನು ತನ್ನದೆಂದು ಕಾಣಲು ಒಂದು ಭಾಷೆಗೆ ಕಲಿಸುವುದು ವ್ಯಾಕರಣ ಕಲಿಸುವುದಕ್ಕಿಂತ ಕಷ್ಟದ ಕೆಲಸ.

1928ರಲ್ಲಿ ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕಲಬುರಗಿ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹರಿದು ಹಂಚಿಹೋಗಿದ್ದ ಕನ್ನಡನಾಡಿನ ಆ ಮೂಲೆಯಲ್ಲಿ ಮೈಸೂರಿನ ಆಚಾರ್ಯರ ಧ್ವನಿ ಕೇಳಿಬಂದುದು ಅಲ್ಪವಲ್ಲ. ಕುಲಸಚಿವ ಪದವಿಯ ತರುವಾಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು. ನಾಲ್ವಡಿ ಕೃಷ್ಣರಾಜ ಒಡೆಯರವರು 1938ರಲ್ಲಿ ರಾಜಸೇವಾಸಕ್ತ ಎಂಬ ಬಿರುದನ್ನಿತ್ತು ಮನ್ನಿಸಿದರು. ಕನ್ನಡ ಛಂದಸ್ಸನ್ನು ಕುರಿತು ಅವರು ಮಾಡಿದ ವ್ಯಾಸಂಗ, 'ಕನ್ನಡ ಕೈಪಿಡಿ'ಗಾಗಿ ಪಟ್ಟ ಶ್ರಮ, ಇವು ಪಂಡಿತರೂ ತಲೆದೂಗಿದಂತಹವು. ಪ್ರಾಸ ಬಿಟ್ಟವರೆಂಬ ಅಪವಾದ ಹೊತ್ತವರೇ ಛಂದಸ್ಸಿನ ಚರಿತ್ರೆಯನ್ನು ಬರೆಯುವಷ್ಟು ಆ ಶಾಸ್ತ್ರದಲ್ಲಿ ಮುಳುಗಿದ್ದರು.

ನಿವೃತ್ತಿಯ ಬಳಿಕ ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, 1944ರಲ್ಲಿ, ಧಾರವಾಡದ ಕರ್ನಾಟಕ ಎಜುಕೇಷನ್ ಬೋರ್ಡಿನ ಕಲಾ ಕಾಲೇಜಿಗೆ ಪ್ರಾಂಶುಪಾಲರಾಗಿ ಬರಬೇಕೆಂದು ಕರೆ ಬಂದಿತು. ಹೋದರು. ಅಲ್ಲಿ ಆ ಕಾರ್ಯದಲ್ಲಿರುವಾಗಲೇ 1946ನೆಯ ಇಸವಿ ಜನವರಿ 5ರಂದು, ಅರುವತ್ತೆರಡು ತುಂಬಿದ ಎರಡನೆಯ ದಿನ, ಕಾಲವಶರಾದರು. ಮೂವತ್ತೈದು ವರ್ಷಗಳ ಹಿಂದೆ ಮೈಸೂರಿನಿಂದ ಹೊರಟ ತರುಣ ಅಧ್ಯಾಪಕನು ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಸಭೆಗೆ ವಿವರಿಸಿದ್ದು ಅದೇ ಊರಿನಲ್ಲಿ.